ಪುಣೆಯ ಗಿರಾಕಿ ಸಿಕ್ಕಿದ್ದು ಬಸ್ಸಿನ ಬಾಗಿಲಲ್ಲಿ

ಅಕ್ಕಲಕೋಟೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದು ಪುಣೆಯಲ್ಲಿ ಮಾರುತ್ತೇನೆ ಅಂದಾಗ ಸೋದರಮಾವ ನಕ್ಕಿದ್ದರು. "ಅಲ್ಲಿ ಮನೀ ಮನ್ಯಾಗ ಭಾಕ್ರಿ ಮಾಡ್ತಾರ. ನಿನ್ನ ರೊಟ್ಟಿ ಯಾರ್ ತಗೋತಾರೋ?" ಈಗ ವಾರಕ್ಕೆ ಹತ್ತಿರಹತ್ತಿರ 4,000 ರೊಟ್ಟಿ ಹೋಗುತ್ತಿದೆ.

ಮೊದಲು ಒಬ್ಬರಿಗೆ 18 ಸಾವಿರ ಕೊಟ್ಟು ಸರ್ವೆ ಮಾಡಿಸಿದೆ. ಬಣ್ಣಬಣ್ಣದ ವರದಿ ಬಂತು. ಒಳಗೆಲ್ಲ 2011ರ ಜನಗಣತಿಯದೇ ಲೆಕ್ಕ. ವಾಘೋಲಿ ಸೇರಿ 23 ಹಳ್ಳಿ 2021ರಲ್ಲಿ ಪುಣೆ ಪಾಲಿಕೆಗೆ ಬಂದಿವೆ. ನನಗೆ ಬೇಕಾದವರು ಇರುವುದೇ ಅಲ್ಲಿ. ವರದಿಯಲ್ಲಿ ಅದಿನ್ನೂ ಹಳ್ಳಿ!

ಆಮೇಲೆ ನಾನೇ ಪುಕ್ಕಟೆ ಹಂಚಿದೆ. ಮುನ್ನೂರು ಜನ ತಿಂದರು, ಎಲ್ಲರೂ ಮರಾಠಿಯಲ್ಲಿ "ಛಾನ್", ಚೆನ್ನಾಗಿದೆ ಅಂದರು. ಮರುವಾರ ಕೊಂಡವರು ಹನ್ನೊಂದೋ ಹನ್ನೆರಡೋ. ಅಂದಿನಿಂದ ಚೂರು ರುಚಿಗೂ ಐದು ರೂಪಾಯಿ ಇಸಕೊಳ್ಳುತ್ತೇನೆ. ಕಾಸು ಬಿಚ್ಚಿದವನ ಮಾತು ಮಾತ್ರ ವಹಿಗೆ.

ಕೊನೆಗೆ ಹಿಟ್ಟಿನ ಗಿರಣಿಗಳ ಮುಂದೆ ಕೂತೆ. ಯಾವ ಓಣಿಯಲ್ಲಿ ಎಷ್ಟು ಡಬ್ಬಿ ಜೋಳ, ಎಷ್ಟು ಗೋಧಿ ಅಂತ ಎಣಿಸಿದೆ. ಜೋಳ ಜಾಸ್ತಿ ಬೀಸುವ ಕಡೆ ಅಂಗಡಿಗಳಿಗೆ ರೊಟ್ಟಿ ಇಟ್ಟೆ. ಮುಳುಗಿದೆ, 30 ಸಾವಿರದಷ್ಟು. ಮಾವ ಹೇಳಿದ್ದು ನಿಜ, ಅವರು ಮನೆಯಲ್ಲೇ ಬಡಿಯುತ್ತಾರೆ. ಲೆಕ್ಕ ಸರಿಯಿತ್ತು, ನಾನು ಓದಿದ್ದು ತಿರುವುಮುರುವು. ಜೋಳ ತಿನ್ನುವ ಜನ ಇರಬೇಕು, ಬೀಸುವ ಜನ ಇರಬಾರದು. ಅಂಥವರನ್ನು ಹುಡುಕೋದು ಎಲ್ಲಿ?

ಸೋಮವಾರ ನಸುಕಿನಲ್ಲಿ ಪುಣೆಯ ಹಡಪಸರ ಗಾಡಿತಳದ ಬಸ್ ಸ್ಟಾಪಿನಲ್ಲಿ ನಿಂತುಕೊಂಡೆ. ಸೋಲಾಪುರ, ಕಲಬುರಗಿ ಕಡೆಯ ಬಸ್ಸು ಇಳಿಯುವ ಹುಡುಗರ ಕೈಯಲ್ಲಿ ರೊಟ್ಟಿ ಗಂಟು. ಎಲ್ಲಿಗೆ ಹೋಗ್ತೀರಪ್ಪಾ ಅಂತ ಕನ್ನಡದಲ್ಲಿ ಕೇಳಿದರೆ ಸಾಕು, ರೂಮಿನ ವಿಳಾಸವನ್ನೇ ಹೇಳುತ್ತಾರೆ. ನಾಲ್ಕು ಸೋಮವಾರಕ್ಕೆ ಖರಾಡಿ, ವಾಘೋಲಿಯ ಪಿಜಿಗಳ ಪಟ್ಟಿ ತಯಾರಾಯಿತು. ಖರ್ಚು ಚಹಾದ್ದು, ಬಸ್ಸಿಂದು ಸೇರಿ ಎರಡೂವರೆ ಸಾವಿರ. ಗಂಟನ್ನು ರೂಮಿನವರೆಲ್ಲ ಸೇರಿ ಗುರುವಾರದೊಳಗೆ ಮುಗಿಸುತ್ತಾರೆ. ನನ್ನ ಗಾಡಿ ಹೋಗುವುದು ಗುರುವಾರ ಸಂಜೆ. ಪಿಜಿ ಮೆಸ್ಸಿನವರನ್ನು ಒಪ್ಪಿಸುವುದು ಹೇಗೆ ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ನಡುವೆ ಒಂದು ಹುಚ್ಚು ಸಾಹಸ. ಭೋಗಿ ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಪುಣೆಯ ಕೋಥ್ರೂಡಿಗೆ ಒಯ್ದೆ. ಆರುನೂರು ರೊಟ್ಟಿ ಮಧ್ಯಾಹ್ನದೊಳಗೆ ಖಾಲಿ. ಹುರುಪಿನಲ್ಲಿ ಮರುದಿನ ಸಾವಿರ ಒಯ್ದೆ. ಸಂಕ್ರಾಂತಿ ದಿನ ಅಲ್ಲಿನವರ ಮನೆಯಲ್ಲಿ ಹೋಳಿಗೆ. ಎಂಟುನೂರು ವಾಪಸ್ ಬಂತು, ವಾರವಿಡೀ ನಾವೇ ತಿಂದೆವು. ಮಾವನಿಗೂ ಒಂದು ಗಂಟು ಕಳಿಸಿದೆ.