ಮನೆ ರಿಪೇರಿ ಮುಗಿಸಿದರೂ ದುಡ್ಡು ಬರದಿದ್ದರೆ: ಗುತ್ತಿಗೆದಾರರಿಗಿರುವ ಕಾನೂನಿನ ದಾರಿಗಳು

ಬಾತ್‌ರೂಮ್ ಒಡೆದು ಪೈಪ್, ವಾಟರ್‌ಪ್ರೂಫಿಂಗ್, ಟೈಲ್ಸ್ ಎಲ್ಲ ಮುಗಿಸಿಕೊಟ್ಟ ಮೇಲೂ ಮಾಲೀಕರು ಬಾಕಿ ಕೊಡುತ್ತಿಲ್ಲವೆಂದರೆ ಮೊದಲು ತಾರೀಖು ನೋಡಿಕೊಳ್ಳಿ. ಹಣ ಕೊಡುವ ದಿನ ಮಾತಾಗಿರದಿದ್ದರೆ, 1963ರ ಕಾಲಮಿತಿ ಕಾಯ್ದೆಯಂತೆ ಕೆಲಸ ಮುಗಿದ 3 ವರ್ಷದೊಳಗೆ ದಾವೆ ಹೂಡಬೇಕು. ‘ಮುಂದಿನ ತಿಂಗಳು ಕೊಡ್ತೀನಿ’ ಎಂಬ ಬಾಯಿಮಾತಿನಿಂದ ಈ ಅವಧಿ ಮುಂದಕ್ಕೆ ಹೋಗದು. ಅವಧಿ ಮುಗಿಯುವ ಮುನ್ನವೇ ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿಕೊಟ್ಟರೆ ಅಂದಿನಿಂದ ಹೊಸ ಲೆಕ್ಕ ಶುರುವಾಗುತ್ತದೆ.

ಹೆಚ್ಚಿನವರು ಎಡವುವುದು ಎಕ್ಸ್‌ಟ್ರಾ ಕೆಲಸದ ಬಾಬ್ತಿನಲ್ಲಿ. ಗೋಡೆ ಕಡಿದಾಗ ಹಳೆಯ ಜಿಐ ಪೈಪ್ ತುಕ್ಕು ಹಿಡಿದಿರುತ್ತದೆ, ಮಾಲೀಕರು ಫೋನಿನಲ್ಲೇ ‘ಬದಲಾಯಿಸಿಬಿಡಿ’ ಎನ್ನುತ್ತಾರೆ, ನೀವು ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಹಾಕಿ ಪ್ಲಾಸ್ಟರ್ ಮಾಡಿಸುತ್ತೀರಿ. ಆಮೇಲೆ ಅದು ಯಾರ ಕಣ್ಣಿಗೂ ಬೀಳದು. ಆದ್ದರಿಂದ ಪ್ಲಾಸ್ಟರ್‌ಗೆ ಮುಂಚೆಯೇ ಟೇಪ್ ಹಿಡಿದು ಫೋಟೊ ತೆಗೆಯಿರಿ. ಉದ್ದ, ರೇಟು ಬರೆದು ವಾಟ್ಸಾಪ್‌ನಲ್ಲಿ ಒಪ್ಪಿಗೆ ಪಡೆಯಿರಿ. ಕೋರ್ಟಿಗೆ ಇದನ್ನು ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ಡಿಜಿಟಲ್ ದಾಖಲೆ ಅಸಲಿ ಎಂದು ದೃಢಪಡಿಸುವ ಪತ್ರ) ಬೇಕು. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಲಿಖಿತ ಕರಾರೇ ಇಲ್ಲವೆಂದು ಕೈಬಿಡಬೇಕಾಗಿಲ್ಲ. ಬಿಟ್ಟಿಯಾಗಿ ಮಾಡದ ಕೆಲಸದ ಪ್ರಯೋಜನ ಪಡೆದವರು ಅದಕ್ಕೆ ತಕ್ಕ ಹಣ ಕೊಡಬೇಕೆಂದು 1872ರ ಕರಾರು ಕಾಯ್ದೆಯ ಕಲಂ 70 ಹೇಳುತ್ತದೆ.

ಅಂತಿಮ ಬಿಲ್ಲಿನಲ್ಲಿ ಲೆಕ್ಕ ಬಿಡಿಸಿರಲಿ. ಉದಾಹರಣೆಗೆ: ಮಾತಾದದ್ದು 1,80,000, ಎಕ್ಸ್‌ಟ್ರಾ 22,000, ಬಂದದ್ದು 1,20,000, ಬಾಕಿ 82,000 ರೂಪಾಯಿ. ವಕೀಲರ ನೋಟಿಸಿಗೆ ಇದನ್ನು ಲಗತ್ತಿಸಿ, 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ; ತಲುಪಿದ ಪುರಾವೆ ಎತ್ತಿಡಿ.

ಮಾಲೀಕರು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಗಡುವುಗಳು ಬಿಗಿ. ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಬೇಕು. ಅದು ತಲುಪಿದ ಮೇಲೆ ಅವರಿಗೆ 15 ದಿನ ಅವಕಾಶ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ (ಚೆಕ್ಕುಗಳಿಗೆ ಸಂಬಂಧಿಸಿದ ಕಾಯ್ದೆ) ಕಲಂ 138ರಡಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಕೊಡಬೇಕು.

ಬಾಕಿ ಚಿಕ್ಕದಾಗಿದ್ದರೆ ದಾವೆಗೆ ಮುಂಚೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡುವುದೇ ಜಾಣತನ. ಕೋರ್ಟ್ ಫೀ ಇಲ್ಲ. ಸಮಿತಿ ನಡೆಸುವ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ (ಸಿವಿಲ್ ಕೋರ್ಟಿನ ತೀರ್ಪಿನ ಆದೇಶದ) ಬಲವಿದೆ, ಅಪೀಲಿಲ್ಲ. ಆದರೆ ಇಬ್ಬರೂ ಒಪ್ಪಬೇಕು.

ಒಪ್ಪದಿದ್ದರೆ ಸಿವಿಲ್ ದಾವೆ. ಸಹಿಯಾದ ಕರಾರಿನಲ್ಲಿ ಖಚಿತ ಮೊತ್ತವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 37ರ ಸಂಕ್ಷಿಪ್ತ ದಾವೆ ಸಾಧ್ಯ. ಎಕ್ಸ್‌ಟ್ರಾ ಕೆಲಸದ ತಕರಾರಿದ್ದರೆ ಸಾಮಾನ್ಯ ದಾವೆಯೇ ಗತಿ. ಟೈಲ್ಸ್ ಟೊಳ್ಳು, ಗೋಡೆ ತೇವ ಎಂದು ಎದುರುವಾದ ಬರುವುದು ಖಂಡಿತವೆಂದೇ ಇಟ್ಟುಕೊಳ್ಳಿ. ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ನೇಮಿಸುವಂತೆ ನೀವೇ ಕೇಳಬಹುದು. ದೋಷ ನಿಜವಿದ್ದರೆ ಸರಿಪಡಿಸಿಕೊಡುವುದಾಗಿ ಮೊದಲೇ ಬರೆದುಕೊಡಿ. ಇಲ್ಲವಾದರೆ ಅವರು ಗ್ರಾಹಕ ಆಯೋಗಕ್ಕೆ ಹೋಗಬಹುದು.

ಹಾಕಿದ ನಲ್ಲಿ, ಟೈಲ್ಸ್ ಕಿತ್ತುಕೊಂಡು ಬರಲು ಮಾತ್ರ ಹೋಗಬೇಡಿ. ಕ್ರಿಮಿನಲ್ ಕೇಸು ನಿಮ್ಮ ಮೇಲೆಯೇ ಬೀಳುತ್ತದೆ.

ಡಿಕ್ರಿ ಬಂದ ಮೇಲೂ ಹಣ ಕೊಡದಿದ್ದರೆ ಅಮಲ್ಜಾರಿ (ಡಿಕ್ರಿ ಜಾರಿಗೊಳಿಸುವ) ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷ ಕಾಲಾವಕಾಶವಿದೆ. ಖಾತೆ ಜಪ್ತಿಗೆ ಬ್ಯಾಂಕಿನ ವಿವರ ಒದಗಿಸಬೇಕಾದವರು ನೀವೇ. ಅಡ್ವಾನ್ಸ್ ಚೆಕ್ಕಿನ ಜೆರಾಕ್ಸ್, ಯುಪಿಐ ಸ್ಕ್ರೀನ್‌ಶಾಟ್ ಆಗ ಕೆಲಸಕ್ಕೆ ಬರುತ್ತವೆ.