ಪವರ್ ವಿಂಡೋಗೆ ಹಳೆ ಪಾರ್ಟ್ ಹಾಕುವ ಮುನ್ನ

ಕಾರಿನ ಕಿಟಕಿ ಗಾಜು ಇಳಿಯಲ್ಲ, ಏರಲ್ಲ ಅಂದ ತಕ್ಷಣ ಮೋಟರ್ ಹುಡುಕಲು ಹೊರಡಬೇಡಿ. ಮೊದಲು ಸ್ವಿಚ್ ಒತ್ತಿ, ಬಾಗಿಲಿಗೆ ಕಿವಿ ಕೊಡಿ. ಗುಂಯ್ ಅಂತ ಸದ್ದು ಬಂದು ಗಾಜು ಅಲ್ಲೇ ನಿಂತಿದ್ದರೆ ಮೋಟರ್‌ಗೆ ಕರೆಂಟ್ ಬರ್ತಿದೆ. ಹೋಗಿರುವುದು ಹೆಚ್ಚಾಗಿ ರೆಗ್ಯುಲೇಟರ್‌ನ (ಗಾಜನ್ನು ಏರಿಸಿ ಇಳಿಸುವ ಭಾಗ) ಕೇಬಲ್ ಅಥವಾ ಗಾಜು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್. ಸದ್ದೇ ಇಲ್ಲ ಅಂದರೆ ಫ್ಯೂಸ್, ಸ್ವಿಚ್ ನೋಡಿ. ಆಮೇಲೆ ಬಾಗಿಲ ಹಿಂಜ್ ಹತ್ತಿರದ ರಬ್ಬರ್ ಕೊಳವೆ ಸರಿಸಿ ನೋಡಿ. ಬಾಗಿಲು ಪದೇ ಪದೇ ತೆರೆದು ಮುಚ್ಚಿ ಅದರೊಳಗಿನ ವೈರ್ ತುಂಡಾಗಿರಬಹುದು. ನಾನು ಒಮ್ಮೆ ಇದನ್ನು ನೋಡದೆ ಸುಮ್ನೆ ಮೋಟರ್ ಬದಲಿಸಿದ್ದೆ!

ಗುಜರಿಯಿಂದ ಮೋಟರ್ ತರುವುದಾದರೆ, ಅದು ಎರಡೇ ವೈರ್‌ನ ಸಾದಾ ಮೋಟರ್ ಆಗಿದ್ದರೆ ಅಲ್ಲೇ 12 ವೋಲ್ಟ್ ಬ್ಯಾಟರಿಗೆ ಕೊಟ್ಟು ಓಡಿಸಿ. ವೈರ್ ಅದಲು ಬದಲು ಮಾಡಿದರೆ ಉಲ್ಟಾ ತಿರುಗಬೇಕು. ಎರಡೂ ಕಡೆ ಒಂದೇ ವೇಗ ಇರಲಿ. ಎಡ, ಬಲ ಬಾಗಿಲ ಪಾರ್ಟ್ ಸಾಮಾನ್ಯವಾಗಿ ಬೇರೆ. ಪಾರ್ಟ್ ನಂಬರ್, ಕನೆಕ್ಟರ್ ಪಿನ್ ಎರಡನ್ನೂ ಹೋಲಿಸಿ. ರೆಗ್ಯುಲೇಟರ್ ಆದರೆ ಕೇಬಲ್‌ನ ಎಳೆ ಒಂದು ಬಿಚ್ಚಿಕೊಂಡಿದ್ದರೂ ಬೇಡ. ಸ್ವಿಚ್ ಬೇಕಿದ್ದರೆ, ಹಿಂದಿನ ಬಾಗಿಲದ್ದು ಸಾಮಾನ್ಯವಾಗಿ ಕಡಿಮೆ ಸವೆದಿರುತ್ತದೆ, ಅದು ಹೊಂದಿದರೆ ಅದೇ ಒಳ್ಳೇದು.

ಬಿಚ್ಚುವ ಮುನ್ನ ಗಾಜನ್ನು ಮೇಲೆತ್ತಿ ಫ್ರೇಮ್‌ಗೆ ಗಟ್ಟಿ ಟೇಪ್ ಅಂಟಿಸಿ. ಇಲ್ಲದಿದ್ದರೆ ಧಡ್ ಅಂತ ಬಿದ್ದು ಬೆರಳು ಜಜ್ಜುತ್ತದೆ. ಗಾಜು ಜಾರುವ ರಬ್ಬರ್ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಬೇಡ, ಧೂಳು ಹಿಡಿಯುತ್ತೆ. ಅಲ್ಲಿ ಬಿಗಿ ಇದ್ದರೆ ಎಂಥ ಮೋಟರ್ ಆದರೂ ಜಾಸ್ತಿ ದಿನ ಬಾಳಲ್ಲ. ಟ್ರಿಮ್ (ಬಾಗಿಲ ಒಳಗಿನ ಹೊದಿಕೆ) ಮುಚ್ಚುವ ಮೊದಲು ನಾಲ್ಕೈದು ಸಲ ಗಾಜು ಏರಿಸಿ ಇಳಿಸಿ.