ಸಾರ್ಡೀನಿಯದ ಶಿಲಾಸಮಾಧಿಗಳು: ಗೋಡೆಯ ಚಿಹ್ನೆಗಳನ್ನು ನೋಡುವ ಮತ್ತು ದಾಖಲಿಸುವ ಕ್ರಮ

ಇಟಲಿಗೆ ಸೇರಿದ ಸಾರ್ಡೀನಿಯ ದ್ವೀಪದಲ್ಲಿ ಇತಿಹಾಸಪೂರ್ವ ಕಾಲದ ಜನರು ಬಂಡೆಯನ್ನು ಕೊರೆದು ಮಾಡಿದ ಸುಮಾರು 3,500 ಸಮಾಧಿಗಳು ಗೊತ್ತಾಗಿವೆ. ಅಲ್ಲಿನವರು ಇವನ್ನು ದೋಮುಸ್ ದೆ ಜಾನಸ್ ಎಂದು ಕರೆಯುತ್ತಾರೆ. ಕ್ರಿ.ಪೂ. 5ನೆಯ ಸಹಸ್ರಮಾನದಲ್ಲಿ ಆರಂಭವಾಗಿ 3ನೆಯ ಸಹಸ್ರಮಾನದವರೆಗೂ ಮುಂದುವರಿದ ಈ ಪದ್ಧತಿಯು ನವಶಿಲಾಯುಗದ ಕೊನೆಯ ಭಾಗಕ್ಕೆ ಸೇರಿದ ಒಜಿಯೇರಿ ಎಂಬ ಸ್ಥಳೀಯ ಸಂಸ್ಕೃತಿಯ ಕಾಲದಲ್ಲಿ ದ್ವೀಪದ ಬಹುಭಾಗಕ್ಕೆ ಹರಡಿತು. ಆಯ್ದ ಕೆಲವು ತಾಣಗಳು 2025ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವುಗಳ ಒಂದು ಸಣ್ಣ ಪಾಲಿನಲ್ಲಿ ಮಾತ್ರ ಎತ್ತಿನ ಕೋಡು, ಹುಸಿಬಾಗಿಲು, ಸುರುಳಿ ಮೊದಲಾದ ಚಿಹ್ನೆಗಳು ಕಾಣಸಿಗುತ್ತವೆ. ಅವನ್ನು ಹುಡುಕಿಕೊಂಡು ಹೋಗುವ ಬಹುತೇಕರು ಕೋಡು ಕಂಡ ಕೂಡಲೇ ಅದರ ಚಿತ್ರ ತೆಗೆದು ಹೊರಬರುತ್ತಾರೆ. ಆದರೆ ಚಿಹ್ನೆಯು ಯಾವ ಕೋಣೆಯ ಯಾವ ಗೋಡೆಯಲ್ಲಿ, ಯಾವ ಬಾಗಿಲಿನ ಮೇಲೆ ಇದೆ ಎಂಬುದು ತಿಳಿಯದಿದ್ದರೆ ಆ ಚಿತ್ರದಿಂದ ಹೆಚ್ಚೇನೂ ಸಿಗುವುದಿಲ್ಲ. ಆದ್ದರಿಂದ ಮೊದಲು ಸಮಾಧಿಯ ವಿನ್ಯಾಸವನ್ನು ಅರಿತು, ಆಮೇಲೆ ಚಿಹ್ನೆಗೆ ಬರುವುದು ಸರಿಯಾದ ಕ್ರಮ.

ಹೊರಗಿನಿಂದಲೇ ಆರಂಭಿಸಿ. ಬಂಡೆ ಯಾವುದು ಎಂದು ಗಮನಿಸಿ, ಏಕೆಂದರೆ ಕೆತ್ತನೆ ಎಷ್ಟು ಉಳಿದಿದೆ ಎಂಬುದು ಬಹುಮಟ್ಟಿಗೆ ಕಲ್ಲಿನ ಗುಣವನ್ನೇ ಅವಲಂಬಿಸಿದೆ. ಅಲ್ಗೇರೊ ಪಟ್ಟಣದ ಬಳಿಯ ಅಂಗೇಲು ರುಯು ನೆಲೆಯಲ್ಲಿರುವುದು ಮೆದುವಾದ ಮರಳುಕಲ್ಲು. ದ್ವೀಪದ ನೈಋತ್ಯ ಭಾಗದ ಮೊಂತೆಸ್ಸುವಿನಲ್ಲಿ ಹಾಗೂ ಆನೆಯ ಆಕಾರದಿಂದ ಹೆಸರಾದ ಕಾಸ್ತೆಲ್‌ಸಾರ್ದೊದ ಬಂಡೆಯಲ್ಲಿ ಇರುವುದು ಗಡುಸಾದ ಜ್ವಾಲಾಮುಖಿ ಶಿಲೆ. ಬಳಿಕ ಪ್ರವೇಶವನ್ನು ನೋಡಿ. ಸಮತಟ್ಟಾದ ಬಂಡೆಯಾದರೆ ಮೇಲಿನಿಂದ ಬಾವಿಯಂತೆ ಇಳಿಯುವ ಗುಂಡಿಯೋ ಇಳಿಜಾರಾಗಿ ಕೊರೆದ ಓಣಿಯೋ ಇರುತ್ತದೆ. ಕಡಿದಾದ ಬಂಡೆಯಾದರೆ ಬಾಗಿಲು ನೇರವಾಗಿ ಅದರ ಮುಖದಲ್ಲೇ ತೆರೆದುಕೊಳ್ಳುತ್ತದೆ. ಬಾಗಿಲನ್ನು ಮುಚ್ಚಲು ಇಡುತ್ತಿದ್ದ ಕಲ್ಲುಚಪ್ಪಡಿ ಕೂರುವಂತೆ ಅಂಚಿನ ಸುತ್ತ ಕಡಿದ ತಗ್ಗು ಇದೆಯೇ ಎಂದೂ ನೋಡಬೇಕು.

ಒಳಗೆ ಹೋದ ಮೇಲೆ ಒಂದು ಸರಳ ನಕ್ಷೆ ಬರೆದುಕೊಳ್ಳಿ. ಸಾಮಾನ್ಯವಾಗಿ ಚಿಕ್ಕದೊಂದು ಮುಂಗೋಣೆ, ಅದರ ಹಿಂದೆ ಅಗಲವಾದ ಮುಖ್ಯ ಕೋಣೆ, ಮುಖ್ಯ ಕೋಣೆಯ ಗೋಡೆಗಳಿಂದ ಕವಲೊಡೆಯುವ ಸಣ್ಣ ಕೋಣೆಗಳು ಹಾಗೂ ಗೂಡುಗಳು ಇರುತ್ತವೆ. ಪ್ರತಿ ಕೋಣೆಗೂ ಒಂದು ಅಕ್ಷರ, ಪ್ರತಿ ಗೋಡೆಗೂ ಒಂದು ಅಂಕಿ ಕೊಟ್ಟುಬಿಟ್ಟರೆ ಮುಂದಿನ ಟಿಪ್ಪಣಿಯೆಲ್ಲ ಸುಲಭವಾಗುತ್ತದೆ. ಇವು ಬದುಕಿದ್ದವರ ಮನೆಯನ್ನೇ ಕಲ್ಲಿನಲ್ಲಿ ಅನುಕರಿಸಿದ ಕಟ್ಟಡಗಳು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಚಾವಣಿ ಮತ್ತು ನೆಲಗಳನ್ನು ಪರೀಕ್ಷಿಸಿ. ಬೊನೊರ್ವದ ಸಾಂತಾಂದ್ರೆಯಾ ಪ್ರಿಯು ನೆಲೆಯ ಒಂದು ಸಮಾಧಿಯಲ್ಲಿ ದುಂಡು ಗುಡಿಸಲಿನ ಜಂತಿಗಳು ನಡುವಿನಿಂದ ಸುತ್ತಲೂ ಹರಡಿದಂತೆ ಚಾವಣಿಯನ್ನು ಕೆತ್ತಿದ್ದಾರೆ. ಭಾರ ಹೊರುವ ಅಗತ್ಯವೇ ಇಲ್ಲದ ಕಡೆ ಬಿಟ್ಟಿರುವ ಕಂಬಗಳು, ನೆಲದ ನಡುವೆ ಉಂಗುರದಂತೆ ಕೆತ್ತಿದ ಒಲೆ, ಸಣ್ಣ ಬಟ್ಟಲಿನಂಥ ಕುಳಿಗಳು ಇವೆಲ್ಲವೂ ಚಿಹ್ನೆಗಳಷ್ಟೇ ಮುಖ್ಯ. ನನ್ನ ದೃಷ್ಟಿಯಲ್ಲಂತೂ ಬೆಂಕಿಯನ್ನೇ ಕಾಣದ ಆ ಕಲ್ಲಿನ ಒಲೆಯು ಎಷ್ಟು ದೊಡ್ಡ ಕೋಡಿಗಿಂತಲೂ ಹೆಚ್ಚಿನದನ್ನು ಹೇಳುತ್ತದೆ: ಸತ್ತವರಿಗೂ ಮನೆ ಬೇಕು, ಮನೆಯೆಂದ ಮೇಲೆ ಒಲೆ ಇರಲೇಬೇಕು ಎಂದು ಅದನ್ನು ಕೆತ್ತಿದವರು ನಂಬಿದ್ದರು.

ಈಗ ಗೋಡೆಗಳ ಸರದಿ. ನೇರವಾಗಿ ಬೆಳಕು ಬಿಟ್ಟರೆ ಸವೆದ ಉಬ್ಬುಗೆತ್ತನೆ ಕಾಣಿಸುವುದೇ ಇಲ್ಲ. ಟಾರ್ಚನ್ನು ಗೋಡೆಗೆ ಬಹುತೇಕ ಸಮಾನಾಂತರವಾಗಿ, ಗೋಡೆಗೆ ತಾಗದಂತೆ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಬೇಕು. ಆಗ ಬೆರಳಿನಷ್ಟು ದಪ್ಪದ ಉಬ್ಬಿಗೂ ಉದ್ದನೆಯ ನೆರಳು ಮೂಡುತ್ತದೆ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿನಿಂದ ಹೀಗೆ ಬೆಳಕು ಹಾಯಿಸಿ, ಕ್ಯಾಮೆರಾವನ್ನು ಅಲುಗಾಡಿಸದೆ ಪ್ರತಿ ಬಾರಿಯೂ ಒಂದೊಂದು ಚಿತ್ರ ತೆಗೆಯಿರಿ. ಎಡದ ಬೆಳಕಿನಲ್ಲಿ ಕೋಡಿನಂತೆ ತೋರಿದ್ದು ಬಲದ ಬೆಳಕಿನಲ್ಲಿ ಬರಿಯ ಬಿರುಕಾಗಿ ಉಳಿದರೆ ಅದನ್ನು ಕೋಡೆಂದು ಬರೆಯಬಾರದು.

ಕೋಡುಗಳಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕು. ಒಂದರಲ್ಲಿ ಅಡ್ಡಪಟ್ಟಿಯ ಎರಡು ತುದಿಗಳು ನೇರವಾಗಿ ಮೇಲಕ್ಕೆ ತಿರುಗಿ ತೀರ ಜ್ಯಾಮಿತೀಯವಾಗಿರುತ್ತವೆ. ಇನ್ನೊಂದರಲ್ಲಿ ಅವು ಬಾಲಚಂದ್ರನಂತೆ ಬಾಗಿರುತ್ತವೆ. ಕೆಲವು ಕಡೆ ತಲೆಯೂ ಇರುತ್ತದೆ, ಕೆಲವು ಕಡೆ ಕೋಡು ಮಾತ್ರ. ಹುಸಿಬಾಗಿಲೆಂದರೆ ಚೌಕಟ್ಟು, ಮೇಲಿನ ತೊಲೆ ಎಲ್ಲವನ್ನೂ ಕೆತ್ತಿದ್ದರೂ ಹಿಂದೆ ಕೋಣೆಯಿಲ್ಲದ ಬಾಗಿಲು. ಅದು ಹೆಚ್ಚಾಗಿ ಮುಖ್ಯ ಕೋಣೆಯಲ್ಲಿ, ಪ್ರವೇಶಕ್ಕೆ ಎದುರಾದ ಗೋಡೆಯಲ್ಲಿ ಇರುತ್ತದೆ. ಹುಸಿಬಾಗಿಲಿನ ಮೇಲೆಯೋ ನಿಜವಾದ ಬಾಗಿಲಿನ ಮೇಲೆಯೋ ಕೋಡು ಇದ್ದರೆ ಎರಡನ್ನೂ ಒಂದೇ ಚಿತ್ರದಲ್ಲಿ ಸೇರಿಸಿಕೊಂಡು, ಅವುಗಳ ನಡುವಿನ ಅಂತರವನ್ನು ಬರೆದುಕೊಳ್ಳಿ. ಇಂಥ ಜೋಡಣೆಗಳನ್ನು ಪುತ್ತು ಕೊದಿನು, ಮೊಂತೆಸ್ಸು ಮೊದಲಾದ ನೆಲೆಗಳಲ್ಲಿ ಹೋಲಿಸಿ ನೋಡಬಹುದು. ಚೆರೆಮುಲೆಯ ತೊಂಬಾ ಬ್ರಾಂಕಾದಲ್ಲಿ ಕೋಡುಗಳಿಗೆ ಬದಲಾಗಿ ಗೀರುಗೆರೆಗಳ ಮನುಷ್ಯಾಕೃತಿಗಳಿವೆ. ಮೂಲೆ, ಚೌಕಟ್ಟು, ಕೋಡಿನ ಸಂದುಗಳಲ್ಲಿ ಕೆಂಪು ಕಾವಿಯ ಕಲೆ ಉಳಿದಿರುವುದುಂಟು. ಅದು ಕಂಡಾಗ ಫ್ಲ್ಯಾಶ್ ಬಳಸದೆ, ಬಣ್ಣದ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ.

ಗೋಡೆಯಲ್ಲಿ ಕಂಡದ್ದೆಲ್ಲ ಒಂದೇ ಕಾಲದ್ದಲ್ಲ ಎಂಬುದನ್ನು ಮರೆಯುವಂತಿಲ್ಲ. ಸಾಂತಾಂದ್ರೆಯಾ ಪ್ರಿಯುವಿನ ಅತಿ ದೊಡ್ಡ ಸಮಾಧಿಯು ಮುಂದೆ ಕ್ರೈಸ್ತ ದೇಗುಲವಾಗಿ, ಅದರ ಗೋಡೆಗೆ ಗಾರೆ ಬಳಿದು ಚಿತ್ರಗಳನ್ನು ಬರೆದರು. ಎಷ್ಟೋ ಸಮಾಧಿಗಳು ಕುರುಬರಿಗೆ ತಂಗುದಾಣಗಳಾಗಿ ಹೊಗೆಯಿಂದ ಕಪ್ಪಾದವು. ಕಲ್ಲಿನ ಗುದ್ದಲಿಯ ಪೆಟ್ಟು ಅಗಲವಾದ, ಗಿಡ್ಡನೆಯ, ಅಂಕೆಯಿಲ್ಲದ ತಗ್ಗುಗಳನ್ನು ಬಿಡುತ್ತದೆ; ಕಬ್ಬಿಣದ ಉಳಿಯು ಕಿರಿದಾದ ಸಾಲುಗೆರೆಗಳನ್ನು ಬಿಡುತ್ತದೆ. ಚಿಹ್ನೆಯ ಅಂಚಿನಲ್ಲಿ ಎರಡನೆಯ ಬಗೆಯ ಗುರುತಿದ್ದರೆ ಅದು ನಂತರದ ಕೈ ಎಂದು ಶಂಕಿಸಲು ಕಾರಣವಿದೆ.

ಯಾವುದನ್ನೂ ಮುಟ್ಟಬೇಡಿ. ಗೆರೆಗಳು ಎದ್ದು ಕಾಣಲೆಂದು ಸೀಮೆಸುಣ್ಣ ತುಂಬುವುದು, ನೀರು ಚಿಮುಕಿಸುವುದು, ಕಾಗದ ಒತ್ತಿ ಸೀಸ ಉಜ್ಜುವುದು ಇವೆಲ್ಲವೂ ಸಾವಿರಾರು ವರ್ಷ ಉಳಿದದ್ದನ್ನು ಹಾಳುಮಾಡುವ ಕೆಲಸಗಳು. ಪಾಚಿ ಕೆರೆಯುವುದು ಇನ್ನೂ ಕೆಟ್ಟದ್ದು, ಏಕೆಂದರೆ ಅದರ ಜೊತೆಗೆ ಬಣ್ಣವೂ ಕಿತ್ತುಬರಬಹುದು. ಒಂದರ ಮೇಲೊಂದು ಹೊಂದುವಂತೆ ಹಲವು ಕೋನಗಳಿಂದ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮೂರು ಆಯಾಮದ ಮಾದರಿ ಮಾಡಿಕೊಂಡರೆ, ಉಜ್ಜುವುದರಿಂದ ಸಿಗುವುದಕ್ಕಿಂತ ಎಷ್ಟೋ ನಿಖರವಾದ ದಾಖಲೆ ಸಿಗುತ್ತದೆ. ಅಳತೆಪಟ್ಟಿಯು ಪ್ರತಿ ಚಿತ್ರದಲ್ಲೂ ಚಿಹ್ನೆ ಇರುವ ಸಮತಲದ ಪಕ್ಕದಲ್ಲೇ ಇರಬೇಕು, ಗೋಡೆಗೆ ಒರಗಿಸಿರಬಾರದು.

ಟಿಪ್ಪಣಿ ಬರೆಯುವಾಗ ಪುಟವನ್ನು ಎರಡು ಭಾಗ ಮಾಡಿ. ಒಂದು ಕಡೆ ಕಂಡದ್ದು ಮಾತ್ರ: ಕೋಣೆ, ಗೋಡೆ, ನೆಲದಿಂದ ಎತ್ತರ, ಅಗಲ, ಉಬ್ಬೋ ಗೀರೋ, ಬಣ್ಣದ ಗುರುತು, ಹಾನಿ. ಇನ್ನೊಂದು ಕಡೆ ಊಹೆ. ಕೋಡು ಫಲವಂತಿಕೆಯನ್ನೋ ರಕ್ಷಣೆಯನ್ನೋ ಸೂಚಿಸುತ್ತದೆ, ಹುಸಿಬಾಗಿಲು ಪರಲೋಕದ ದಾರಿ ಎಂದು ವಿದ್ವಾಂಸರು ಹೇಳುವುದುಂಟು. ಇವು ಒಪ್ಪಬಹುದಾದ ವ್ಯಾಖ್ಯಾನಗಳೇ ಆದರೂ ಇವುಗಳನ್ನು ಕೆತ್ತಿದವರು ಬರಹವನ್ನು ಬಿಟ್ಟುಹೋಗಿಲ್ಲವಾದ್ದರಿಂದ ಇವನ್ನು ಮೊದಲ ಭಾಗಕ್ಕೆ ನುಸುಳಲು ಬಿಡಬಾರದು.

ಅಂಗೇಲು ರುಯು ನೆಲೆಯು 1903ರಲ್ಲಿ ಕಲ್ಲು ತೆಗೆಯುವಾಗ ಆಕಸ್ಮಿಕವಾಗಿ ಸಿಕ್ಕಿತು. ಇಂದಿಗೂ ಹೊಲದಲ್ಲೋ ದಾರಿಯ ಬದಿಯಲ್ಲೋ ಮಡಕೆಯ ಚೂರು, ಕಲ್ಲಿನ ಉಪಕರಣ ಅಥವಾ ಯಾರೂ ಗುರುತಿಸದ ಕೋಣೆಯೊಂದು ಕಣ್ಣಿಗೆ ಬೀಳಬಹುದು. ಇಟಲಿಯ 2004ರ ಸಾಂಸ್ಕೃತಿಕ ಆಸ್ತಿ ಸಂಹಿತೆಯ ಪ್ರಕಾರ ಹಾಗೆ ಸಿಕ್ಕ ವಸ್ತುಗಳು ಸರ್ಕಾರದ್ದು. ಅವನ್ನು ಇದ್ದ ಸ್ಥಿತಿಯಲ್ಲೇ ಬಿಟ್ಟು 24 ಗಂಟೆಗಳೊಳಗೆ ಪುರಾತತ್ವ ಅಧಿಕಾರಿಗಳಿಗೋ ಊರಿನ ಮೇಯರಿಗೋ ಪೊಲೀಸರಿಗೋ ತಿಳಿಸಬೇಕು.